ಮಗಳಿಗೊಂದು ಪತ್ರ: ತುಲೂಸ್ ಅಂತಾನೇ ಹೇಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಹಾಸ್ಟೆಲ್ಲಲ್ಲಿ ಎಲ್ರೂ ಯಾವೂರು ಯಾವೂರು ಅಂತಾರೆ, ಮಂಡ್ಯ ಅಂದ್ರೆ ಮತ್ತೆ ನಿನ್ ಕನ್ನಡ ಯಾಕ್ ಹಿಂಗಿದೆ ಅಂತಾರೆ, ಫ್ರಾನ್ಸ್ ಅಂದ್ರೆ ಪ್ಯಾರಿಸ್ಸಾ ಅಂತಾರೆ, ನಾನ್ ಏನಂತ ಹೇಳ್ಲಿ ಅಮ್ಮ ಅಂತ. ಇದು ಫೋನಲ್ಲಿ ಎರಡು ಮಾತಲ್ಲಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೇ ಕೂತು ಬರೀತಿದೀನಿ, ನಿಧಾನಕ್ಕೆ ಓದ್ಕೋ.

ತುಲೂಸ್ ಅಂತ ಹೇಳು ಮಗಳೇ. ಎಲ್ಲಿದೆ ಅದು ಅಂದ್ರೆ ಪ್ಯಾರಿಸ್ಸಿಂದ ಟಿಜಿವಿ ಅನ್ನೋ ವೇಗದ ರೈಲು ಹತ್ತಿದ್ರೆ ನಾಲ್ಕು ಗಂಟೆ ಮೇಲಾಗತ್ತೆ, ದಕ್ಷಿಣಕ್ಕೆ, ಇನ್ನೂ ಹೋಗಿ ಪಿರನೀಸ್ ಬೆಟ್ಟ ದಾಟಿದ್ರೆ ಸ್ಪೇನ್ ಅನ್ನು. ಮಂಡ್ಯ ಅಂತಾನೂ ಹೇಳು, ಅಜ್ಜಿ ಮನೆ ಅಲ್ವಾ, ಯಾರು ಬೇಡ ಅಂತಾರೆ. ಆದ್ರೆ ನಾಲ್ಕು ವರ್ಷದ ಮಗುವಾಗಿ 2011ರಲ್ಲಿ ನಮ್ಮ ಕೈ ಹಿಡ್ಕೊಂಡು ಇಲ್ಲಿಗೆ ಬಂದೋಳು ನೀನು, ಹಲ್ಲು ಬಿದ್ದಿದ್ದು ಇಲ್ಲಿ, ಸೈಕಲ್ ಕಲ್ತಿದ್ದು ಇಲ್ಲಿ, ಅಕ್ಷರ ಕಲ್ತಿದ್ದೂ ಇಲ್ಲೇ (ಕನ್ನಡದ್ದು ನನ್ನ ಅಡುಗೆಮನೆ ಟೇಬಲ್ ಮೇಲೆ, ಅವರದ್ದು ಅವರ ಶಾಲೇಲಿ). ನಾನೂ ನಿಮ್ಮಪ್ಪನೂ ಇಲ್ಲಿ ಬಂದು ಸೇರಿದೋರು. ನೀನು ಇಲ್ಲೇ ಬೆಳೆದೋಳು, ನಿನ್ನ ಲೆಕ್ಕ ಬೇರೆ.

ಮೊದಲ ವರ್ಷದ್ದು ನಿಂಗೆ ನೆನಪಿರೋದು ಕಷ್ಟ. ಅಪ್ಪಂಗೆ ಬೆಂಗಳೂರಲ್ಲಿ ವಿಮಾನದ ರೆಕ್ಕೆ ಡಿಸೈನ್ ಕೆಲ್ಸ, ಅಲ್ಲಿಂದ ಇಲ್ಲಿಗೆ ಕಳ್ಸಿದ್ರು, ಎರಡು ವರ್ಷ ಅಂತ ಹೇಳಿ ಕಳ್ಸಿದ್ದು. ನಂಗೆ ಒಂದಕ್ಷರ ಫ್ರೆಂಚ್ ಬರ್ತಿರ್ಲಿಲ್ಲ. ನಿನ್ನನ್ನ ಎಕೋಲ್ ಮಾತೆರ್ನೆಲ್ಲಿಗೆ ಸೇರ್ಸಿದ್ವಿ, ಅಂದ್ರೆ ನಮ್ ಕಡೆ ನರ್ಸರಿ ಎಲ್‌ಕೆಜಿ ಥರ, ಆದ್ರೆ ಸರ್ಕಾರಿ ಶಾಲೆ, ಫೀಸಿಲ್ಲ, ಡಾಕ್ಟರ್ ಮಕ್ಳೂ ಕಸ ಎತ್ತೋರ ಮಕ್ಳೂ ಒಂದೇ ಬೆಂಚು. ನಂಗೆ ಇವತ್ತಿಗೂ ಈ ದೇಶದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷ್ಯ ಇದೇನೇ. ಕ್ಯಾಂಟೀನಲ್ಲಿ ಆಗ ವಾರಕ್ಕೊಂದು ದಿನ ಮಾಂಸ ಮೀನು ಇಲ್ದಿರೋ ಊಟ ಕೊಡ್ಲೇಬೇಕು ಅನ್ನೋ ಕಾನೂನು ಬಂದಿರ್ಲಿಲ್ಲ, ಅದು ಬಂದಿದ್ದು 2019ರ ನವೆಂಬರಲ್ಲಿ. ಹಂಗಾಗಿ ಮಧ್ಯಾಹ್ನ ನಾನೇ ಬಂದು ಮನೆಗೆ ಕರ್ಕೊಂಡು ಹೋಗ್ತಿದ್ದೆ. ಇಲ್ಲಿ ಮಧ್ಯಾಹ್ನದ ಬಿಡುವು ಉದ್ದ ಅಲ್ವಾ, ಸುಮಾರು ಎರಡು ಗಂಟೆ, ಸಾರನ್ನ ಕಲಸಿ ತಿನ್ಸಿ, ಮೊಸರು ಕುಡ್ಸಿ, ಬಾಯಿ ಒರೆಸಿ ವಾಪಸ್ ಬಿಟ್ಟು ಬರ್ತಿದ್ದೆ. ದಾರೀಲಿ ನೀನು ಬೇಕರಿಯವರಿಗೆ, ಕಾವಲಿನವರಿಗೆ, ನಾಯಿ ಹಿಡ್ಕೊಂಡು ಬರೋ ತಾತನಿಗೆ ಎಲ್ರಿಗೂ ಬೊಂಜೂರ್ ಹೇಳ್ತಿದ್ದೆ, ನಿನ್ನ ಹಿಂದೆ ನಾನೂ ಹೇಳೋಕೆ ಶುರು ಮಾಡಿದೆ, ಆಮೇಲೆ ಅವರು ನನ್ನನ್ನೇ ನಿಲ್ಸಿ ಮಾತಾಡ್ಸೋಕೆ ಶುರು ಮಾಡಿದ್ರು. ಇಲ್ಲಿ ಬೊಂಜೂರ್ ಹೇಳ್ದೆ ಅಂಗಡೀಲಿ ಏನಾದ್ರೂ ಕೇಳಿದ್ರೆ ಬೇಜಾರ್ ಮಾಡ್ಕೋತಾರೆ, ಹೇಳಿ ಕೇಳಿದ್ರೆ ಮುಖಾನೇ ಬೇರೆ. ಈ ಊರಿನ ಬಾಗಿಲು ನಂಗೆ ತೆಗ್ಸಿದ್ದು ನೀನು ಕಣೆ, ಮೂರಡಿ ಎತ್ತರದೋಳು.

ಹಲ್ಲಿನ ಕತೆ ಹೇಳ್ಲಾ? ನಮ್ಮಲ್ಲಿ ಬಿದ್ದ ಹಲ್ಲನ್ನ ಹೆಂಚಿನ ಮೇಲೆ ಎಸೀತಾರೆ, ಇಲ್ಲಿ ದಿಂಬಿನ ಕೆಳಗಿಟ್ರೆ ರಾತ್ರಿ ಪುಟ್ಟ ಇಲಿ ಬಂದು ಹಲ್ಲು ತಗೊಂಡು ಕಾಸು ಇಟ್ಟು ಹೋಗತ್ತೆ. ನೀನು ಅಜ್ಜಿಗೆ ಫೋನ್ ಮಾಡಿ ಯಾವುದು ಸರಿ ಅಂತ ಕೇಳಿದೆ. ಅಜ್ಜಿ ಒಂಚೂರೂ ಯೋಚ್ನೆ ಮಾಡ್ದೆ ಗಣಪತಿ ವಾಹನ ಮನೆಗ್ ಬರತ್ತೆ ಅಂದ್ರೆ ಬೇಡ ಅಂತೀಯೇನೇ, ದಿಂಬಿನ ಕೆಳಗೇ ಇಡು ಅಂದ್ರು. ಅವತ್ತಿಂದ ನಮ್ಮನೇಲಿ ಅದೇ ಪದ್ಧತಿ.

ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರತ್ತೆ ಇಲ್ಲಿ, ಮೊದಮೊದಲು ಮನೇಲಿ ಕೂತು ಏನ್ ಮಾಡೋದು ಅಂತ ಗೊತ್ತಾಗ್ತಿರ್ಲಿಲ್ಲ, ಬೆಂಗಳೂರಲ್ಲಿ ಭಾನುವಾರ ಅಂದ್ರೆ ಮಾಲು ಶಾಪಿಂಗು ತಾನೆ. ಆಮೇಲೆ ಗೊತ್ತಾಯ್ತು ಇವರು ಭಾನುವಾರ ಮನೆಯವರ ಜೊತೆ ನಡೀತಾರೆ, ಊಟ ಮಾಡ್ತಾರೆ, ಅಷ್ಟೇ. ನಾವೂ ನಡೆದ್ವಿ. ಬೆಳಿಗ್ಗೆ ಸ್ಯಾಂತ್ ಒಬ್ಯಾಂ ಚರ್ಚ್ ಸುತ್ತ ಸಂತೆ, ಅಲ್ಲಿ ರೈತರೇ ಸೊಪ್ಪು ತರ್ತಾರೆ, ಬ್ಲೆತ್ ಅಂತ ದಪ್ಪ ದಂಟಿನ ಸೊಪ್ಪು ಸಿಗತ್ತಲ್ಲ ಅದರಲ್ಲಿ ಬಸ್ಸಾರು ಮಾಡಿದ್ರೆ ದಂಟಿನ ಸೊಪ್ಪಿನ ಬಸ್ಸಾರಿಗೆ ಏನೂ ಕಮ್ಮಿ ಇಲ್ಲ, ಅದಕ್ಕೆ ಲ ಪುಯಿ ಊರಿನ ಹಸಿರು ಮಸೂರ್ ಕಾಳು ಹಾಕ್ಬೇಕು, ಬೇಯಿಸಿದ್ರೂ ಕರಗಲ್ಲ, ಪಲ್ಯಕ್ಕೆ ಕಾಳು ಕಾಳಾಗಿ ಸಿಗತ್ತೆ. ರಾಗಿ ಹಿಟ್ಟು ಮಾತ್ರ ಮಂಡ್ಯದಿಂದ ಸೂಟ್‌ಕೇಸಲ್ಲೇ ಬರ್ಬೇಕು. ಇಲ್ಲಿಯವರು ಕಸೂಲೆ ಅಂತ ಬಾತುಕೋಳಿ ಮಾಂಸ ಹಾಕಿ ಮಾಡ್ತಾರಲ್ಲ, ಅದರ ಬಿಳಿ ಕಾಳು, ಕಾಸ್ತೆಲ್‌ನೊದರಿ ಕಡೆದು, ಅದರಲ್ಲಿ ನಾನು ಹುಳಿ ಮಾಡಿ ಪಕ್ಕದ ಮನೆ ಅಜ್ಜಿಗೆ ಕೊಟ್ಟಿದ್ದೆ, ಅವರು ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡ್ಬಾರ್ದು ಅಂತ ಅಂಜೂರದ ಜಾಮ್ ತುಂಬಿ ಕೊಟ್ರು. ಅಜ್ಜಿ ಊರಲ್ಲೂ ಹಂಗೇ ತಾನೆ, ಬಾಗಿನದ ಮೊರ ಆಗ್ಲಿ ಮಜ್ಜಿಗೆ ಚೊಂಬಾಗ್ಲಿ ಬರಿದಾಗಿ ಹಿಂತಿರುಗಲ್ಲ.

ಮಧ್ಯಾಹ್ನ ಊಟ ಆದ್ಮೇಲೆ ಗಾರೋನ್ ನದಿ ದಂಡೆ, ಪ್ರೆರಿ ದೆ ಫಿಲ್ತ್ರ್ ಹುಲ್ಲಿನ ಮೇಲೆ ಚಾಪೆ ಹಾಕಿ ಕೂತ್ಕೊಳ್ಳೋದು, ಎದುರಿಗೆ ಪಾಂ ನಫ್ ಸೇತುವೆ. ಹೆಸರು ಹೊಸ ಸೇತುವೆ ಅಂತ, ಮುಗಿಸಿದ್ದು 1632ರಲ್ಲಿ, ಈಗ ಊರಲ್ಲಿ ಉಳ್ದಿರೋ ಸೇತುವೆಗಳಲ್ಲಿ ಅದೇ ಹಳೇದು. ಸಂಜೆ ಬಿಸಿಲಿಗೆ ಇಡೀ ಊರಿನ ಇಟ್ಟಿಗೆ ಗುಲಾಬಿ ಬಣ್ಣ ತಿರುಗತ್ತೆ, ಅದಕ್ಕೇ ಗುಲಾಬಿ ನಗರ ಅಂತಾರೆ. ಜೂನಲ್ಲಿ ರಾತ್ರಿ ಒಂಬತ್ತೂವರೆ ಆದ್ರೂ ಬೆಳಕು, ನಿನ್ನನ್ನ ಮಲಗಿಸೋದೇ ಒಂದು ಯುದ್ಧ ನಂಗೆ. ಒತಾಂ ಗಾಳಿ ಬೀಸೋ ದಿನ ಮಾತ್ರ ಯಾರೂ ಹೊರಗೆ ಬರೋಕೆ ಇಷ್ಟಪಡಲ್ಲ, ಆ ಗಾಳಿ ತಲೆ ಕೆಡಿಸತ್ತೆ ಅಂತ ಇಲ್ಲಿನೋರು ನಂಬ್ತಾರೆ. ಪಿರನೀಸ್ ಬೆಟ್ಟ ಸ್ಪಷ್ಟವಾಗಿ ಕಂಡ್ರೆ ಮಳೆ ಬರತ್ತೆ ಅಂತಾನೂ ಹೇಳ್ತಾರೆ, ನೀನು ಬಾಲ್ಕನಿಯಿಂದ ನೋಡಿ ಅಪ್ಪಂಗೆ ಛತ್ರಿ ತಗೊಂಡು ಹೋಗು ಅಂತಿದ್ದೆ.

ಒಂದ್ಸಲ ಅಸೆಜಾ ಅನ್ನೋ ವ್ಯಾಪಾರಿಯ ದೊಡ್ಡ ಮನೆ ನೋಡೋಕೆ ಹೋಗಿದ್ವಿ, 1555ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಅಷ್ಟು ದುಡ್ಡು ಎಲ್ಲಿಂದ ಬಂತು ಅಂದ್ರೆ ಪಾಸ್ತೆಲ್ ಅನ್ನೋ ಗಿಡದಿಂದ, ಹೂವು ಹಳದಿ, ಎಲೆಯಿಂದ ನೀಲಿ ಬಣ್ಣ, ಯುರೋಪಿನ ಎಷ್ಟೋ ಕಡೆ ಬಟ್ಟೆಗೆ ಇಲ್ಲಿಂದ ನೀಲಿ ಹೋಗ್ತಿತ್ತು. ಆಮೇಲೆ ಈ ದೇಶದೊಳಗೇ ಧರ್ಮದ ಹೆಸರಲ್ಲಿ ಜಗಳ ಹತ್ಕೊಳ್ತು, ಜೊತೆಗೆ ಇಂಡಿಯಾದಿಂದ ಇಂಡಿಗೋ ಬರೋಕೆ ಶುರುವಾಯ್ತು, ನಮ್ಮ ನೀಲಿ ಇನ್ನೂ ಗಾಢ, ಪಾಸ್ತೆಲ್ ವ್ಯಾಪಾರ ಬಿದ್ದೋಯ್ತು. ಇದನ್ನ ಕೇಳಿ ನೀನು ಅಲ್ಲೇ ಅಂಗಳದಲ್ಲಿ ನಿಂತು, ನಮ್ಮಿಂದ ನಮಗೇ ನಷ್ಟ ಆಯ್ತಾ ಅಮ್ಮ ಅಂತ ಕೇಳಿದೆ. ಎರಡೂ ಕಡೆ ನಮಗೆ ಅಂತಾನೇ ಅಂದಿದ್ದೆ ನೀನು. ನಾನೂ ಅಪ್ಪನೂ ಮುಖ ಮುಖ ನೋಡ್ಕೊಂಡ್ವಿ.

ಅಪ್ಪಂಗೆ ಇಷ್ಟವಾದ ತಿರುಗಾಟ ಅಂದ್ರೆ ವಿಮಾನದ್ದೇ. ಕಾಂಕಾರ್ಡ್ ಮೊದಲ ಸಲ ಹಾರಿದ್ದು ಇಲ್ಲಿಂದ, 1969ರ ಮಾರ್ಚ್ 2, ಏರ್‌ಬಸ್‌ನ ಎರಡಂತಸ್ತಿನ ವಿಮಾನ ಎ380 ಮೊದಲು ಹಾರಿದ್ದೂ ಇಲ್ಲಿಂದಾನೇ, 2005ರ ಏಪ್ರಿಲ್ 27, ಇವೆರಡನ್ನ ನಿಂಗೆ ಮಗ್ಗಿ ಥರ ಬಾಯಿಪಾಠ ಮಾಡ್ಸಿದ್ರು. ಆದ್ರೆ ನಂಗೆ ಮರೆಯೋಕಾಗ್ದೇ ಇರೋದು ಲೆವಿನ್ಯಾಕ್ ಹಳ್ಳಿ ರಾತ್ರಿ. ಎ380ರ ದೊಡ್ಡ ದೊಡ್ಡ ಭಾಗಗಳು ಬೇರೆ ಬೇರೆ ದೇಶದಲ್ಲಿ ತಯಾರಾಗಿ ಹಡಗಲ್ಲಿ ಬಂದು, ಆಮೇಲೆ ಗಾರೋನ್ ನದೀಲಿ ದೋಣಿ ಮೇಲೆ ಲಾಂಗೋಂವರೆಗೆ ಬಂದು, ಅಲ್ಲಿಂದ ರಸ್ತೇಲಿ ರಾತ್ರಿ ಹೊತ್ತು ಲಾರಿ ಮೇಲೆ ಬರ್ತಿದ್ವು, ಆ ಹಳ್ಳಿ ಬೀದಿ ಎಷ್ಟು ಕಿರಿದು ಅಂದ್ರೆ ರೆಕ್ಕೆಗೂ ಕಿಟಕಿಗೂ ಕೈ ತೂರಿಸೋ ಅಷ್ಟೂ ಜಾಗ ಇಲ್ಲ ಅನ್ಸತ್ತೆ. ಜನ ಎಲ್ಲ ಸ್ವೆಟರ್ ಹಾಕ್ಕೊಂಡು ಮಕ್ಕಳನ್ನ ಎತ್ಕೊಂಡು ಬಂದು ಸಾಲಾಗಿ ನಿಂತಿರೋರು, ನಮ್ಮೂರಲ್ಲಿ ತೇರು ನೋಡೋಕೆ ನಿಲ್ಲಲ್ವಾ ಹಂಗೆ. ನೀನು ಅಪ್ಪನ ಹೆಗಲ ಮೇಲೆ. ರೆಕ್ಕೆ ನಿಧಾನಕ್ಕೆ ಹಾದು ಹೋಗುವಾಗ ಅಪ್ಪ ಏನೂ ಮಾತಾಡ್ಲಿಲ್ಲ, ಬೆಂಗಳೂರಲ್ಲಿ ಕಂಪ್ಯೂಟರ್ ಪರದೆ ಮೇಲೆ ವರ್ಷಗಟ್ಲೆ ನೋಡಿದ್ದನ್ನ ಅಷ್ಟು ಹತ್ರದಿಂದ ನೋಡಿದ್ದು ಅವರಿಗೆ ಅದೇ ಮೊದಲು, ಕಣ್ಣಲ್ಲಿ ನೀರಿತ್ತು, ನಿಂಗೆ ಮೇಲಿಂದ ಕಂಡಿರಲ್ಲ. 2021ಕ್ಕೆ ಆ ವಿಮಾನ ಮಾಡೋದೇ ನಿಂತೋಯ್ತು, ಆ ಲಾರಿಗಳೂ ಈಗ ಬರಲ್ಲ.

ಇನ್ನು ನಂದು ಅಂದ್ರೆ ಕನಾಲ್ ದು ಮಿದಿ ಅನ್ನೋ ಹಳೇ ನಾಲೆ, ನಿಂಗೇ ಗೊತ್ತು. ಮಂಡ್ಯದೋಳಿಗೆ ನಾಲೆ ಕಂಡ್ರೆ ಕಾಲು ತಾನೇ ನಿಲ್ಲತ್ತೆ, ವಿಸಿ ನಾಲೆ ಏರಿ ಮೇಲೆ ಶಾಲೆಗೆ ನಡೆದು ಬೆಳೆದೋಳು ನಾನು. ಪಿಯೆರ್ ಪೋಲ್ ರಿಕೆ ಅಂತ, ಇಂಜಿನಿಯರ್ ಅಲ್ಲ ಆತ, ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದೋನು, 1666ರಲ್ಲಿ ಹದಿನಾಲ್ಕನೇ ಲೂಯಿ ರಾಜನ ಅಪ್ಪಣೆ ತಗೊಂಡು ತನ್ನ ಸ್ವಂತ ದುಡ್ಡನ್ನೂ ಸುರಿದು 240 ಕಿಲೋಮೀಟರ್ ನಾಲೆ ತೋಡ್ಸಿದ. ಕೂಲಿಯವರಿಗೆ ಮಳೆ ದಿನಾನೂ ಹಬ್ಬದ ದಿನಾನೂ ಸಂಬಳ ಕೊಟ್ಟ, ಆ ಕಾಲದಲ್ಲಿ. 1681ರಲ್ಲಿ ನಾಲೆ ತೆರೆದ್ರು, ಆತ ಹಿಂದಿನ ವರ್ಷಾನೇ ತೀರ್ಕೊಂಡಿದ್ದ. ನಾವು ನೊರೂಜ್ ಅನ್ನೋ ಜಾಗಕ್ಕೆ ಹೋದಾಗ ನಿಂಗೆ ತೋರಿಸಿದ್ನಲ್ಲ, ನಾಲೆ ಉದ್ದಕ್ಕೂ ಅದೇ ಎತ್ತರದ ಜಾಗ, ಬೆಟ್ಟದ ಕಡೆಯಿಂದ ತಂದ ನೀರು ಅಲ್ಲಿ ಸೇರಿ ಎರಡಾಗಿ ಒಡೆಯತ್ತೆ, ಒಂದು ಪಾಲು ತುಲೂಸ್ ಕಡೆ ಹರಿದು ಅಟ್ಲಾಂಟಿಕ್‌ಗೆ, ಇನ್ನೊಂದು ಮೆಡಿಟರೇನಿಯನ್‌ಗೆ. ನೀರು ನಿಲ್ಸೋಕೆ ಸ್ಯಾಂ ಫೆರಿಯೋಲ್ ಅಣೆಕಟ್ಟು ಕಟ್ಟಿದಾನೆ, ಬೇಸಿಗೇಲಿ ನೀನು ಈಜು ಕಲ್ತಿದ್ದು ಅದೇ ಕೆರೇಲಿ. ನೊರೂಜಲ್ಲಿ ನೀನು ಎರಡು ಎಲೆ ಬಿಟ್ಟೆ, ಆ ಕಡೆಗೊಂದು ಈ ಕಡೆಗೊಂದು, ಯಾವುದು ಮೊದಲು ಸಮುದ್ರ ಸೇರತ್ತೆ ಅಂತ ವಾರವೆಲ್ಲ ಕೇಳ್ತಾನೇ ಇದ್ದೆ.

ನಾಲೆ ಪಕ್ಕದ ಪ್ಲಾತಾನ್ ಮರಗಳ ಸುದ್ದಿ ಕೇಳಿದ್ರೆ ಮಾತ್ರ ಹೊಟ್ಟೆ ಉರಿಯತ್ತೆ. ಸುಮಾರು 42,000 ಇದ್ವು, 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸ್ಕೊಂಡ್ಮೇಲೆ ಸಾಲು ಸಾಲಾಗಿ ಕಡಿದು ಅಲ್ಲೇ ಸುಡ್ತಾ ಬಂದಿದಾರೆ, ಬೇರೆ ದಾರಿ ಇಲ್ಲ, ಮದ್ದಿಲ್ಲ. ನಾವು ಸೈಕಲ್ ಹೊಡೀತಿದ್ದ ಒಂದು ಕಡೆ ನೆರಳೇ ಇಲ್ಲ ಈಗ. ಬೇರೆ ಜಾತಿ ಸಸಿ ನೆಟ್ಟಿದಾರೆ, ನಿನ್ನ ಮಕ್ಕಳ ಕಾಲಕ್ಕೆ ನೆರಳು ಕೊಡ್ತಾವೆ.

ಹಬ್ಬದ ದಿನ ಕಷ್ಟ ಆಗ್ತಿತ್ತು, ಸುಳ್ಳು ಹೇಳಲ್ಲ. ಗಣಪತಿ ಹಬ್ಬಕ್ಕೆ ಮಣ್ಣಿಲ್ದೆ ಅರಿಶಿಣದಲ್ಲಿ ಗಣಪ ಮಾಡಿ, ಬಕೆಟ್ಟಲ್ಲಿ ಬಿಟ್ಟು, ಆ ನೀರನ್ನ ತುಳಸಿ ಕುಂಡಕ್ಕೆ ಹಾಕ್ತಿದ್ವಿ. ಒಂದು ವರ್ಷ ಪ್ಯಾರಿಸ್ಸಲ್ಲಿ ಲಾ ಶಾಪೆಲ್ ಕಡೆ ಶ್ರೀಲಂಕಾ ತಮಿಳರು ಎಳೆಯೋ ಗಣಪತಿ ರಥ ನೋಡೋಕೆ ಕರ್ಕೊಂಡು ಹೋದ್ವಿ, ಬೀದಿ ತುಂಬ ಒಡೆದ ತೆಂಗಿನಕಾಯಿ ರಾಶಿ, ಫ್ರೆಂಚ್ ಪೊಲೀಸ್ನೋರು ಪ್ರಸಾದ ಕೈಯಲ್ಲಿಟ್ಕೊಂಡು ನಿಂತಿದ್ರು, ನೀನು ಅವರಿಗೆ ಹೆಂಗ್ ತಿನ್ಬೇಕು ಅಂತ ಹೇಳ್ಕೊಟ್ಟೆ. ಜನವರೀಲಿ ಒಳಗೆ ಪುಟ್ಟ ಗೊಂಬೆ ಬಚ್ಚಿಟ್ಟಿರೋ ಗಲೆತ್ ಕೇಕ್ ಕತ್ತರಿಸುವಾಗ ಮನೇಲಿ ಚಿಕ್ಕೋಳು ಅಂತ ಟೇಬಲ್ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಹೇಳ್ತಿದ್ದೋಳೂ ನೀನೇ. ಅಪ್ಪ ಕ್ರಿಕೆಟ್ ಬಿಟ್ರೆ ಬೇರೆ ಆಟ ಇಲ್ಲ ಅಂತಿದ್ದೋರು, 2024ರ ಜೂನಲ್ಲಿ ನಮ್ಮೂರ ತಂಡ ಸ್ತಾದ್ ತುಲೂಸಾಂ ರಗ್ಬಿ ಫೈನಲಲ್ಲಿ 59-3 ಗೆದ್ದಾಗ ಕೆಂಪು ಕಪ್ಪು ಸ್ಕಾರ್ಫ್ ಸುತ್ಕೊಂಡು ನಿನ್ನ ಜೊತೆ ಕ್ಯಾಪಿತೋಲ್ ಚೌಕದಲ್ಲಿ ಕುಣಿದ್ರು, ವಿಡಿಯೋ ಇದೆ, ಅಜ್ಜಿಗೆ ತೋರ್ಸು.

ಯಾರಾದ್ರೂ ಪ್ಯಾರಿಸ್ಸಾ ಅಂದ್ರೆ ಇದರಲ್ಲಿ ಯಾವುದಾದ್ರೂ ಒಂದು ಹೇಳು, ಕೂತು ಕೇಳ್ತಾರೆ. ನಿನ್ನ ಕನ್ನಡ ಹಿಂಗ್ಯಾಕೆ ಅಂದೋರಿಗೆ ಅಮ್ಮ ಕಲಿಸಿದ್ದು ಅನ್ನು, ಮಂಡ್ಯದ ಕನ್ನಡಾನೇ ಅದು, ಸ್ವಲ್ಪ ರಾಗ ಬೇರೆ ಅಷ್ಟೇ.

ಡಿಸೆಂಬರ್ ಟಿಕೆಟ್ ಅಪ್ಪ ನೋಡ್ತಿದಾರೆ, ನಿನ್ನ ಕೊನೇ ಪರೀಕ್ಷೆ ಯಾವತ್ತು ಅಂತ ಇವತ್ತೇ ಮೆಸೇಜ್ ಹಾಕು. ಬರುವಾಗ ಅಜ್ಜಿ ಹತ್ರ ರಾಗಿ ಹಿಟ್ಟು ಇಸ್ಕೋ, ಹುರಿಗಡಲೆ ಒಂದು ಪ್ಯಾಕೆಟ್ಟು, ಪಕ್ಕದ ಮನೆ ಅಜ್ಜಿಗೆ ಮೈಸೂರು ಸ್ಯಾಂಡಲ್ ಸೋಪು, ಹೋದ ಸಲ ಕೊಟ್ಟಿದ್ದು ಖಾಲಿಯಾಯ್ತಂತೆ, ನಿನ್ನೆ ಲಿಫ್ಟಲ್ಲಿ ಸಿಕ್ಕಿ ನೀನು ಯಾವಾಗ ಊರಿಗೆ ಬರ್ತೀಯ ಅಂತ ಕೇಳಿದ್ರು.

ನಿನ್ನ ಅಮ್ಮ