ಭಾವನೊಡನೆ ವಾದಿಸುವಾಗ

ಬದಿಯಡ್ಕ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಒಂದು ಕಂಪನಿಯ ಷೇರಿನ ವಿಷಯದಲ್ಲಿ ನಿನಗೂ ಭಾವನಿಗೂ ಮಾತು ಬೆಳೆದು, ಜೊತೆಯಾಗಿ ಹೂಡಿಕೆ ಮಾಡುತ್ತಿದ್ದ ನಿಮ್ಮ ಗುಂಪೇ ಎರಡಾಗಿದೆ ಎಂದು ತಿಳಿಯಿತು. ‘ನಿಮಗೆ ಲೆಕ್ಕ ಓದಲು ಬಾರದು’ ಎಂದು ಎಲ್ಲರೆದುರು ಹೇಳಿದೆಯಂತೆ. ಆ ಮಾತು ನನಗೆ ಬಹಳ ನೋವು ತಂದಿದೆ.

ಕಂಪನಿ ಒಳ್ಳೆಯದೋ ಅಲ್ಲವೋ ಎಂದು ನಾನು ಹೇಳಲಾರೆ. ಆದರೆ ಇದನ್ನು ಯೋಚಿಸು: ನೀನು ಕೊಂಡ ಪ್ರತಿಯೊಂದು ಷೇರನ್ನೂ ಅದೇ ಬೆಲೆಗೆ ಯಾರೋ ಮಾರಿದ್ದಾರೆ. ಅವರಿಗೆ ಹಣದ ತುರ್ತಿತ್ತೋ, ಕಂಪನಿಯ ಮೇಲಿನ ನಂಬಿಕೆ ಹೋಗಿತ್ತೋ ನಿನಗೆ ತಿಳಿಯದು. ಆ ಕಾಣದ ಮನುಷ್ಯನ ಮೇಲೆ ನಿನಗೆ ಸಿಟ್ಟಿಲ್ಲ; ಎದುರು ಕುಳಿತು ಕಾರಣ ಬಿಡಿಸಿ ಹೇಳುವ ಭಾವನ ಮೇಲೆ ಸಿಟ್ಟು!

ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಕಥೆ ನಿನಗೆ ಗೊತ್ತು. 2008ರ ಡಿಸೆಂಬರ್‌ನಲ್ಲಿ ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ನಡೆಸುತ್ತಿದ್ದವರ, ಕುಟುಂಬಕ್ಕೇ ಸೇರಿದ ಮೇಟಾಸ್ ಕಂಪನಿಗಳನ್ನು ಕೊಳ್ಳಲು ಅದು ಹೊರಟಾಗ ಹೂಡಿಕೆದಾರರು ತಿರುಗಿಬಿದ್ದರು, ಕಂಪನಿ ಕೂಡಲೇ ಹಿಂದೆ ಸರಿಯಿತು. ಮರುತಿಂಗಳು, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಮಿಕ್ಕಿದ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಲೆಕ್ಕಪರಿಶೋಧಕರ ಸಹಿ ಬಿದ್ದಿದ್ದ ಲೆಕ್ಕ ಅದು. ಲೆಕ್ಕ ಓದಬಲ್ಲವರೇ ಓದಿ ನಂಬಿದ್ದರು, ಮಗನೇ. ಸಂಶಯಪಡುವವನು ಗುಂಪಿನಲ್ಲಿ ಒಬ್ಬನಾದರೂ ಇರಬೇಕು, ಅವನಿಗೆ ಮಾತನಾಡುವ ಧೈರ್ಯವೂ ಉಳಿದಿರಬೇಕು.

ನೀನು ಮೆಚ್ಚಿದ ಕಂಪನಿಯಲ್ಲಿ ಪ್ರವರ್ತಕರು ಸಾಲಕ್ಕಾಗಿ ಒತ್ತೆಯಿಟ್ಟ ತಮ್ಮ ಷೇರು ಹೆಚ್ಚುತ್ತಿದೆ ಎಂಬುದು ಭಾವನ ಆತಂಕವಂತೆ. ಅದರಲ್ಲಿ ಹುರುಳಿದೆ. ಬೆಲೆ ಬಿದ್ದರೆ ಸಾಲ ಕೊಟ್ಟವರು ಒತ್ತೆಯ ಷೇರನ್ನು ಮಾರುತ್ತಾರೆ, ಬೆಲೆ ಇನ್ನಷ್ಟು ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ಕೊಡುವ ವಿವರದಲ್ಲಿ ಒತ್ತೆಯ ಪ್ರಮಾಣ ಇರುತ್ತದೆ, ತೆಗೆದು ನೋಡು. ಸಾಲ ಯಾತಕ್ಕೆ, ತೀರಿಸುವ ಆದಾಯ ಎಲ್ಲಿದೆ ಎಂದು ತೋರಿಸಿದರೆ ಅದು ಉತ್ತರ. ‘ಅವರಿಗೆ ಹೊಟ್ಟೆಕಿಚ್ಚು’ ಎನ್ನುವುದು ಉತ್ತರವಲ್ಲ.

ನಮ್ಮ ಕುಂಬಳೆ ಸೀಮೆಗೆ ವಾದ ಹೊಸದೇ? ವೇಷವಿಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳಿದಾಗ, ರಾಮನ ಅರ್ಥ ಹೇಳುವವರು ಆ ಪ್ರಶ್ನೆಯ ಗಟ್ಟಿ ಭಾಗಕ್ಕೇ ಉತ್ತರ ಕೊಡಬೇಕು. ಎದುರು ಕುಳಿತ ಅರ್ಥಧಾರಿಯ ಮನೆಯ ವಿಷಯವನ್ನು ಎತ್ತಿದರೆ ಸಭೆ ಸಹಿಸುವುದಿಲ್ಲ.

ಇನ್ನೊಂದು ಮಾತು. ಷೇರಿನ ಗುಣ ಹಾಡುವ ಮೊದಲು ಅದು ನಿನ್ನಲ್ಲಿದೆ ಎಂದು ಹೇಳಿಬಿಡು. ಷೇರಿನ ಸಲಹೆ ಕೊಡುವ ಸಂಶೋಧನಾ ವಿಶ್ಲೇಷಕರು ತಮ್ಮ ಹಿತಾಸಕ್ತಿಯನ್ನು ತಿಳಿಸಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ 2014ರ ನಿಯಮವೇ ಹೇಳುತ್ತದೆ. ನಿಮ್ಮಲ್ಲಿ ಅಡಿಕೆ ಮಾರಿದ ಹಣವನ್ನು ಮೊದಲ ಬಾರಿಗೆ ಷೇರಿಗೆ ಹಾಕಿದ ಹುಡುಗರಿದ್ದಾರೆ. ನೀವಿಬ್ಬರು ದನಿ ಏರಿಸಿದಾಗ ಅವರು ಕೇಳಬೇಕಾದದ್ದನ್ನು ನುಂಗಿಕೊಳ್ಳುತ್ತಾರೆ. ನನಗೆ ಹೆಚ್ಚು ಚಿಂತೆ ಅವರದೇ.

ಈ ಭಾನುವಾರ ಭಾವನ ಮನೆಗೆ ಹೋಗು. ಮೊದಲು ಆಡಿದ ಮಾತಿಗೆ ಕ್ಷಮೆ ಕೇಳು, ಆಮೇಲೆ ಒತ್ತೆಯ ವಿವರ ಮುಂದಿಟ್ಟು ಇಬ್ಬರೂ ಕುಳಿತು ಓದಿ. ಆಗಲೂ ಒಮ್ಮತ ಬಾರದಿದ್ದರೆ ಅವರು ಮಾರಲಿ, ನೀನು ಇಟ್ಟುಕೋ.

ಇಂತು,
ನಿನ್ನ ದೊಡ್ಡಮ್ಮ