ಬ್ಯಾಂಕ್ ಅಲ್ಲ ಸ್ವಾಮಿ, ಪಿಂಚಣಿ ಸಂಘ!

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ನಗರ ಪುಟದಲ್ಲಿ, ನಮ್ಮ ಬಡಾವಣೆಯ ಸಭಾಂಗಣದಲ್ಲಿ ಹಿರಿಯ ನಾಗರಿಕರಿಗಾಗಿ ನಡೆದ ಸ್ಪೇನ್ ಸಿನಿಮಾ ಪ್ರದರ್ಶನದ ವರದಿ ಓದಿದೆ. ‘ಕೊನೆಯವರೆಗೂ ನಕ್ಕು ನಲಿದ ಹಿರಿಯರು’ ಅಂತ ತಲೆಬರಹ ಬೇರೆ. ಯಾವ ಕೊನೆ ಸ್ವಾಮಿ? ಕೊನೆ ತೋರಿಸಿದ್ದರೆ ತಾನೇ ನಗೋದು? ಭಾನುವಾರ ನಾನು ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದೆ. ನಿಮ್ಮ ವರದಿಗಾರರು ಮುಖ್ಯ ಅತಿಥಿಗಳ ಜೊತೆ ಫೋಟೊ ತೆಗೆಸಿಕೊಂಡು ಬೋಂಡಾ ತಿಂದು ಹೊರಟಿದ್ದನ್ನೂ ನೋಡಿದೆ.

ಮೊದಲು ವರದಿಯ ಕಥೆ ಕೇಳಿ. ‘ಮುದುಕ ಗುಮಾಸ್ತರು ತಮ್ಮದೇ ಬ್ಯಾಂಕ್ ದೋಚುವ ಚಿತ್ರ’ ಅಂತ ಬರೆದಿದ್ದೀರಿ. ಅದು ಬೇರೆ ಸಿನಿಮಾ. 1962ರ ‘ಅತ್ರಾಕೊ ಆ ಲಾಸ್ ತ್ರೆಸ್’. ಹೊಸೆ ಮರಿಯಾ ಫೋರ್ಕೆ ನಿರ್ದೇಶಿಸಿದ್ದು. ಅದರಲ್ಲಿ ಗುಮಾಸ್ತರು ನಿಜ, ಮುದುಕರಲ್ಲ. ಅವರ ಮುಖಂಡನಾಗಿ ನಟಿಸಿದವನು ಲೋಪೆಸ್ ವಾಸ್ಕೆಸ್. ತಮ್ಮ ಬ್ಯಾಂಕನ್ನೇ ದೋಚೋಣ ಅಂತ ಎಲ್ಲ ಲೆಕ್ಕ ಹಾಕಿ ಕೂತರೆ ನಿಜವಾದ ಕಳ್ಳರೇ ನುಗ್ಗುತ್ತಾರೆ. ಆಗ ಇವರು ಬ್ಯಾಂಕಿನ ದುಡ್ಡು ಉಳಿಸೋಕೆ ಹೊಡೆದಾಡುತ್ತಾರೆ. ಗುಮಾಸ್ತರ ಬುದ್ಧಿ ಅಂದರೆ ಅದು! ನಾನೂ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದವನು. ನನಗೆ ಆಶ್ಚರ್ಯ ಆಗಲಿಲ್ಲ.

ಭಾನುವಾರ ಹಾಕಿದ್ದು ‘ಲೋಸ್ ದಿನಮಿತೇರೋಸ್’, ಅಂದರೆ ಸಿಡಿಮದ್ದಿನವರು. 1964ರದು, ಹುವಾನ್ ಗಾರ್ಸಿಯಾ ಅತಿಯೆನ್ಸಾ ನಿರ್ದೇಶನ. ಸ್ಪೇನ್ ಮತ್ತು ಇಟಲಿಯವರು ಕೂಡಿ ತೆಗೆದ ಕಪ್ಪು ಬಿಳುಪು ಚಿತ್ರ. ಇದರಲ್ಲಿ ಇಬ್ಬರು ಮುದುಕರು, ಒಬ್ಬಳು ಅಜ್ಜಿ. ದೋಚೋಕೆ ಹೊರಡುವುದು ಬ್ಯಾಂಕನ್ನಲ್ಲ, ತಮಗೇ ಪಿಂಚಣಿ ಕೊಡುವ ಸಂಘವನ್ನು. ಸಿನಿಮಾದ ತಮಾಷೆಯೆಲ್ಲ ಇರುವುದು ಅಲ್ಲೇ ಅಲ್ವಾ? ತಿಂಗಳಿಗೊಮ್ಮೆ ಕೈಯೊಡ್ಡಿ ನಿಲ್ಲುವ ಕಿಟಕಿಗೇ ಕನ್ನ ಹಾಕುವ ಕಥೆ ಅದು. ಬ್ಯಾಂಕ್ ಅಂದುಬಿಟ್ಟರೆ ಏನು ಉಳಿಯಿತು? ಬ್ಯಾಂಕನ್ನು ಈಗ ಯಾರು ಬೇಕಾದರೂ ದೋಚುತ್ತಾರೆ, ಅದಕ್ಕೆ ವಯಸ್ಸೂ ಬೇಡ, ಸಿಡಿಮದ್ದೂ ಬೇಡ. ಸಾಲ ತಗೊಂಡು ವಿಮಾನ ಹತ್ತಿದರೆ ಆಯಿತು.

ಆ ಮುದುಕರಲ್ಲಿ ಒಬ್ಬನಾಗಿ ನಟಿಸಿದ ಪೆಪೆ ಇಸ್ಬೆರ್ಟ್ ಹೆಸರನ್ನಾದರೂ ಬರೆಯಬಾರದಿತ್ತೇ? ಹುಟ್ಟಿದ್ದು 1886ರಲ್ಲಿ, ಈ ಚಿತ್ರದ ಹೊತ್ತಿಗೆ ಎಂಬತ್ತರ ಹತ್ತಿರ. ಗೊಗ್ಗರು ದನಿಯ ಮನುಷ್ಯ. 1960ರ ‘ಎಲ್ ಕೊಚೆಸೀತೊ’ದಲ್ಲಿ ಇದೇ ಮುದುಕ, ಗೆಳೆಯನಿಗೆ ಮೋಟಾರು ಗಾಲಿಕುರ್ಚಿ ಇದೆ ಅಂತ ಕಾಲು ಗಟ್ಟಿಯಿದ್ದರೂ ತನಗೂ ಬೇಕು ಅಂತ ಹಟ ಹಿಡಿಯುತ್ತಾನೆ. ಮನೆಯವರು ಕೊಡಿಸದಿದ್ದಾಗ ಏನು ಮಾಡುತ್ತಾನೆ ಅಂತ ಇಲ್ಲಿ ಬರೆದರೆ ನಮ್ಮನೆ ಸೊಸೆ ನಾಳೆಯಿಂದ ನನ್ನನ್ನು ಅಡುಗೆಮನೆಗೆ ಬಿಡಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಕಾಲದ ಸೆನ್ಸಾರ್‌ನವರಿಗೇ ಆ ಕೊನೆ ಸಹಿಸಲಾಗದೆ ಬದಲಾಯಿಸಿದರು. ಭಾನುವಾರದ ಚಿತ್ರದಲ್ಲಿ ಅಜ್ಜಿಯಾಗಿ ಬಂದಿದ್ದು ಮೆಕ್ಸಿಕೊದ ಸಾರಾ ಗಾರ್ಸಿಯಾ. ಮುದುಕಿ ಪಾತ್ರ ಸಿಗಲಿ ಅಂತ ಹಲ್ಲು ಕೀಳಿಸಿಕೊಂಡಿದ್ದಳಂತೆ. ಇನ್ನೊಬ್ಬ ಮುದುಕ ಇಟಲಿಯ ಕಾರ್ಲೊ ಪಿಸಕಾನೆ. ಇಂಥ ಮೂವರನ್ನು ಬಿಟ್ಟು, ಶಾಲು ಹೊದ್ದ ಅತಿಥಿಗಳ ಐದು ಹೆಸರು ಹಾಕಿದ್ದೀರಿ, ಇನಿಷಿಯಲ್ ಸಮೇತ.

ಇನ್ನು ನಮ್ಮ ಪಾಡು. ಹಿರಿಯರ ಕಾರ್ಯಕ್ರಮ ಎರಡನೇ ಮಹಡಿಯಲ್ಲಿ. ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಅನ್ನುವ ಬೋರ್ಡು. ಆ ಬೋರ್ಡಿನ ಅಕ್ಷರವೇ ಮಾಸಿಹೋಗಿದೆ ಅಂದರೆ ಎಷ್ಟು ಕಾಲದಿಂದ ದುರಸ್ತಿಯಲ್ಲಿದೆ ಅಂತ ನೀವೇ ಊಹಿಸಿ. ಶೌಚಾಲಯ ಮಾತ್ರ ಕೆಳಗೆ. ಸಕ್ಕರೆ ಕಾಯಿಲೆಯವರನ್ನು ಮೇಲೆ ಕೂರಿಸಿ ಶೌಚಾಲಯ ಕೆಳಗಿಟ್ಟ ಮಹಾನುಭಾವ ಯಾರೋ, ಅವನಿಗೇ ಮೊದಲು ಶಾಲು ಹೊದಿಸಬೇಕಿತ್ತು. ನಾಲ್ಕಕ್ಕೆ ಶುರು ಅಂದವರು ಅತಿಥಿಗಳಿಗಾಗಿ ಐದೂಕಾಲರವರೆಗೆ ಕಾಯಿಸಿದರು. ಆಮೇಲೆ ‘ಹಿರಿಯರೇ ಸಮಾಜದ ಆಸ್ತಿ’ ಅಂತ ಭಾಷಣ. ಆಸ್ತಿ ಅಂದಮೇಲೆ ಅಳತೆ ಮಾಡಿ ಬೇಲಿ ಹಾಕಿಸಿಬಿಡಿ ಅಂತ ಪಕ್ಕದಲ್ಲಿದ್ದ ಮೇಷ್ಟ್ರು ಗೊಣಗಿದರು.

ಕೊನೆಗೂ ದೀಪ ಆರಿಸಿದರು. ಭಾಷಣದ ಮೇಜನ್ನು ಎತ್ತಲಿಲ್ಲ! ಅದರ ಮೇಲಿನ ಹೂಗುಚ್ಛ ಸರಿಯಾಗಿ ಪರದೆಯ ಕೆಳಗೆ, ಇಂಗ್ಲಿಷ್ ಅಕ್ಷರ ಬರುವ ಜಾಗದಲ್ಲಿ. ನಮಗೆ ಸ್ಪ್ಯಾನಿಷ್ ಬರಲ್ಲ. ಪ್ರತಿ ಸಾಲಿನ ಮೊದಲೆರಡು ಪದ ಕಾಣುತ್ತಿತ್ತು, ಮಿಕ್ಕಿದ್ದು ಗ್ಲಾಡಿಯೋಲಸ್. ‘ಅದನ್ನು ಸ್ವಲ್ಪ ಸರಿಸಪ್ಪಾ’ ಅಂತ ಹಿಂದಿನಿಂದ ಕೂಗಿದರೆ, ಸಂಘಟಕ ಹುಡುಗ ‘ಸುಮ್ನೆ ನೋಡಿ ಅಜ್ಜಾ, ಎಲ್ರಿಗೂ ತೊಂದರೆ ಆಗುತ್ತೆ’ ಅಂದ.

ಆದರೂ ನೋಡಿದೆವು. ಇಸ್ಬೆರ್ಟ್ ಬಾಯಿ ತೆರೆದರೆ ಅಕ್ಷರ ಓದದೆಯೂ ನಗು ಬರುತ್ತದೆ. ಮೂವರೂ ದರೋಡೆಯ ಲೆಕ್ಕಾಚಾರದಲ್ಲಿದ್ದರು. ಅಷ್ಟರಲ್ಲಿ ಟಪ್ ಅಂತ ದೀಪ ಹತ್ತಿತು. ಕಾವಲುಗಾರ ಬಂದು, ‘ಆರೂವರೆಗೆ ಹಾಲ್ ಬುಕ್ಕಿಂಗ್ ಮುಗೀತು ಸಾರ್, ನಾಮಕರಣದವರು ಬಲೂನ್ ಕಟ್ಟಬೇಕು’ ಅಂದ. ಊಟಕ್ಕೆ ಕೂರಿಸಿ ಪಾಯಸ ಬರುವ ಹೊತ್ತಿಗೆ ಎಲೆ ಎತ್ತಿದ ಹಾಗಾಯಿತು. ಸಂಘದ ದುಡ್ಡು ಸಿಕ್ಕಿತೋ, ಅಜ್ಜಿ ಸಿಕ್ಕಿಬಿದ್ದಳೋ, ಯಾರಿಗೂ ಗೊತ್ತಿಲ್ಲ. ನಿಮ್ಮ ವರದಿಗಾರರಿಗೆ ಗೊತ್ತಿರಬೇಕು, ಕೊನೆಯವರೆಗೂ ನಕ್ಕವರು ಅವರೇ ತಾನೆ?

ಈ ಕಥೆ ನಮಗ್ಯಾಕೆ ಇಷ್ಟು ಹತ್ತಿರ ಅಂತ ಪಿಂಚಣಿ ಕಿಟಕಿಗೆ ಬಂದು ನೋಡಿ. ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಅಂತ ರುಜುವಾತು ಕೊಡಬೇಕು. 2014ರಲ್ಲಿ ಬೆರಳಚ್ಚಿನ ವ್ಯವಸ್ಥೆ ತಂದರು. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತೆ ಅಂತ ಯಾರಿಗೂ ಹೊಳೆಯಲಿಲ್ಲವೇ? ಹೋದ ವರ್ಷ ನನ್ನ ಹೆಬ್ಬೆರಳನ್ನು ಒರೆಸಿ, ಒತ್ತಿಸಿ, ಕೊನೆಗೆ ಕೌಂಟರಿನ ಹುಡುಗಿ ತನ್ನ ಬ್ಯಾಗಿನಿಂದ ವ್ಯಾಸಲೀನ್ ತೆಗೆದು ಹಚ್ಚಿದಳು. ಯಂತ್ರ ಆಗಲೂ ‘ಹೊಂದಾಣಿಕೆ ಇಲ್ಲ’ ಅಂದಿತು. ‘ಮೆಷಿನ್ ನೀವು ಅಂತ ಒಪ್ತಿಲ್ಲ ಸಾರ್’ ಅಂದಳು, ಪಾಪ. ಅದೇ 2014ರಲ್ಲಿ ಕಾರ್ಮಿಕರ ಭವಿಷ್ಯ ನಿಧಿ ಪಿಂಚಣಿಗೆ ಕನಿಷ್ಠ 1000 ರೂಪಾಯಿ ಅಂತ ಮಾಡಿ ಬೀಗಿದರು. ಹಿರಿಯರಿಗೆ ರೈಲು ಟಿಕೆಟ್ಟಿನಲ್ಲಿದ್ದ ರಿಯಾಯಿತಿಯನ್ನು 2020ರಲ್ಲಿ ಕೊರೊನಾ ಹೆಸರು ಹೇಳಿ ಕಿತ್ತುಕೊಂಡರು. ನಮ್ಮ ರಸ್ತೆಯ ಪಾದಚಾರಿ ದಾರಿ ಬಗ್ಗೆ ಬರೆಯುವುದೇ ಬೇಡ, ಹಿಂದೆ ಬರೆದದ್ದನ್ನು ನೀವು ಹಾಕಲಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಆ ಸಿನಿಮಾವನ್ನು ಪೂರ್ತಿ ಮತ್ತೊಮ್ಮೆ ತೋರಿಸಬೇಕು. ಇಲ್ಲವೇ ಲಿಫ್ಟ್ ಸರಿಮಾಡಿಸಬೇಕು. ಎರಡೂ ಮಾಡಿದರೆ ಒಳ್ಳೆಯದು, ಎರಡೂ ಮಾಡಲ್ಲ ಅಂತ ಗೊತ್ತು. ನೀವಾದರೂ ತಿದ್ದುಪಡಿ ಹಾಕಿ: ಬ್ಯಾಂಕ್ ಅಲ್ಲ, ಪಿಂಚಣಿ ಸಂಘ. ಮತ್ತೆ ಆ ಮುಖ್ಯ ಅತಿಥಿಗಳಿಗೆ ಒಂದು ಮಾತು. ಮುಂದಿನ ಸಲ ನಿಮ್ಮ ಭಾಷಣವನ್ನು ಸಿನಿಮಾ ಮುಗಿದ ಮೇಲೆ ಇಟ್ಟುಕೊಳ್ಳಿ. ಆಗ ಎಷ್ಟು ಜನ ‘ಆಸ್ತಿ’ಗಳು ಕೂತಿರುತ್ತಾರೆ ನೋಡೋಣ.

— ನಿವೃತ್ತ ಗುಮಾಸ್ತ, ಮೈಸೂರು