ಸ್ಕ್ಯಾನಿನಲ್ಲಿ ಕಾಣದ ನೋವು

ಪ್ರೀತಿಯ ಪುಟ್ಟಿ,

ಮೂರು ತಿಂಗಳು ದಾಟಿದ ನೋವನ್ನೇ ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ನಿನ್ನ ಸೊಂಟನೋವಿಗೆ ವರ್ಷ ತುಂಬುತ್ತಾ ಬಂತು. ಎಂಆರ್‌ಐನಲ್ಲಿ ಏನೂ ಇಲ್ಲ ಅಂದಮೇಲೆ ದಾವಣಗೆರೆಯ ನಮ್ಮ ಬಳಗವೆಲ್ಲ 'ಹುಡುಗಿ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ' ಅನ್ನೋಕೆ ಶುರುಮಾಡಿದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು, ಕೇಳಿಕೊಂಡು ಸುಮ್ಮನಿರಲಾಗಲಿಲ್ಲ. ಫೋನಾದರೆ ನೀನು ಅರ್ಧಕ್ಕೇ ಇಡುತ್ತೀಯ, ಅದಕ್ಕೇ ಕಾಗದ.

ಆ ಸ್ಕ್ಯಾನ್ ನೋಡಿದ್ದು ಬೆನ್ನುಮೂಳೆ, ಡಿಸ್ಕುಗಳನ್ನು. ಮಿದುಳಿನ ಭಾಗಗಳು ಪರಸ್ಪರ ಹೇಗೆ ಹೊಂದಿಕೊಂಡು ನಡೆಯುತ್ತಿವೆ ಅಂತ ತಿಳಿಯಲು ಎಫ್‌ಎಂಆರ್‌ಐ ಅನ್ನೋ ಬೇರೆ ಬಗೆಯ ಸ್ಕ್ಯಾನ್ ಬೇಕು. ರಕ್ತದ ಆಮ್ಲಜನಕದ ಏರಿಳಿತ ಹಿಡಿದು, ಯಾವ್ಯಾವ ಭಾಗ ಒಟ್ಟಿಗೆ ಏರಿಳಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ನಾವು ಸುಮ್ಮನೆ ಕೂತು ಏನೋ ಯೋಚಿಸುವಾಗ ಚುರುಕಾಗುವ ಒಂದು ಜಾಲವಿದೆ, ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಅಂತ. ಕೆಲಸಕ್ಕೆ ಗಮನ ಕೊಟ್ಟ ಕೂಡಲೇ ಅದು ತಗ್ಗಬೇಕು. 2008ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬಾಲಿಕಿ ಮತ್ತು ಅಪ್ಕಾರಿಯನ್ ಅವರ ತಂಡ ಹಳೆಯ ಬೆನ್ನುನೋವಿನವರಿಗೆ ಕಣ್ಣಿಟ್ಟು ನೋಡುವ ಒಂದು ಸರಳ ಕೆಲಸ ಕೊಟ್ಟಿತು. ನೋವಿಲ್ಲದವರಷ್ಟೇ ಚೆನ್ನಾಗಿ ಅವರೂ ಮಾಡಿದರು. ಆದರೆ ಆ ಜಾಲ ಮಾತ್ರ ತಗ್ಗಬೇಕಾದಷ್ಟು ತಗ್ಗಲಿಲ್ಲ. ನೀನೂ ಆಫೀಸಿನ ಕೆಲಸ ಬಾಕಿ ಉಳಿಸುವವಳಲ್ಲ, ಆದರೆ ಸಂಜೆಗೆ ಮಾತಾಡಲೂ ತ್ರಾಣವಿರುವುದಿಲ್ಲ. ದುಗ್ಗಮ್ಮನ ಜಾತ್ರೆಯ ಮೈಕಿನ ಪಕ್ಕ ಕೂತು ಪರೀಕ್ಷೆಗೆ ಓದಿದ ಹಾಗೆ ಇರಬೇಕು ಅಂತ ನನ್ನ ಊಹೆ.

ಅದೇ ತಂಡ, ಬೆನ್ನುನೋವು ಶುರುವಾಗಿ ಕೆಲವು ವಾರಗಳಷ್ಟೇ ಆಗಿದ್ದವರನ್ನು ಒಂದು ವರ್ಷ ಗಮನಿಸಿ 2012ರಲ್ಲಿ ಇನ್ನೊಂದು ವರದಿ ಕೊಟ್ಟಿತು. ನೋವು ಹೋಗದೆ ಉಳಿದವರಲ್ಲಿ, ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೂ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಒಳಭಾಗಕ್ಕೂ ನಡುವಿನ ನಂಟು ಮೊದಲಿಂದಲೇ ಹೆಚ್ಚು ಬಿಗಿಯಾಗಿತ್ತು. ಆಸೆ, ಹುರುಪು, ಕಲಿಕೆ ಎಲ್ಲ ಹಾಯುವ ದಾರಿ ಅದು. 'ಯಾವುದೂ ಬೇಡ ಅನಿಸುತ್ತೆ ಅಮ್ಮ' ಅಂದೆಯಲ್ಲ, ಅದನ್ನು ಸೋಮಾರಿತನ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಹಾಗಂತ ಇವೆಲ್ಲ ಗುಂಪಿನ ಸರಾಸರಿ. ಬೆಂಗಳೂರಿನಲ್ಲಿ ಯಾರಾದರೂ ನಿನ್ನೊಬ್ಬಳ ಮಿದುಳಿನ ಚಿತ್ರ ತೆಗೆದು 'ನೋವು ಇಲ್ಲಿದೆ ನೋಡಿ' ಅಂತ ದುಡ್ಡು ಕೇಳಿದರೆ ಎದ್ದು ಬಾ.

ಪತ್ರ ಬರೆಯಲು ಕೂತದ್ದೇ ಇದನ್ನು ಹೇಳೋಕೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಬೆನ್ನುನೋವಿನವರನ್ನು ಚಿಕಿತ್ಸೆಗೆ ಮೊದಲೂ, ಆರು ತಿಂಗಳ ನಂತರವೂ ಪರೀಕ್ಷಿಸಿದ್ದರು. ಮಿದುಳಿನ ಮುಂಭಾಗದಲ್ಲಿ ತೆಳುವಾಗಿದ್ದ ಪದರ ಮತ್ತೆ ದಪ್ಪವಾಗಿತ್ತು. ಗಮನದ ಕೆಲಸ ಮಾಡುವಾಗ ಕಂಡಿದ್ದ ಏರುಪೇರೂ ಸರಿಹೋಗಿತ್ತು. ಹಾಳಾಗಿ ಹೋಯಿತು ಅಂತ ನೀನು ಅಳುವ ತಲೆ ಹಾಳಾಗಿಲ್ಲ ಕಣೇ.

ಫಿಸಿಯೋಥೆರಪಿ ಬಿಡಬೇಡ, ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡ. ದಸರೆಗೆ ಬಾ, ಕುಂದವಾಡ ಕೆರೆ ಏರಿ ಮೇಲೆ ನಿನಗಾದಷ್ಟು ನಡೆಯೋಣ, ಸಾಕಾದರೆ ಅಲ್ಲೇ ಕೂರೋಣ. ದೊಡ್ಡತ್ತೆ ಬಾಯಿಗೆ ಉತ್ತರ ಕೊಡೋದು ನನಗೆ ಬಿಡು.

ನಿನ್ನ ಅಮ್ಮ